ನನ್ನ ತಮ್ಮನ ಎಡಬಲ

ನನ್ನ ತಮ್ಮನಿಗೆ ಎಡ ಯಾವುದು, ಬಲ ಯಾವುದು ಎಂದು ಗೊತ್ತಿಲ್ಲ. ಮೂರು ವರ್ಷದ ಮಗುವಿನ ಮಾತಲ್ಲ ಇದು. ಇಪ್ಪತ್ಮೂರು ತುಂಬಿದವನು, ಮೀಸೆ ಬಂದವನು, ಬಿ.ಎಸ್ಸಿ. ಮುಗಿಸಿದವನು. ಅದಕ್ಕೇನಂತೆ, ಹಾಗಿರುವವರು ಎಷ್ಟೋ ಜನ ಅಂಗಡಿ ಇಟ್ಟುಕೊಂಡು ಬದುಕುತ್ತಿಲ್ಲವೇ ಅನ್ನುತ್ತೀರಾ? ಬದುಕಲಿ, ಪಾಪ. ಆದರೆ ಇವನು ಕಲಿಯುತ್ತಿರುವುದು ವಿಮಾನ ಹಾರಿಸುವುದನ್ನು!

ಪೂರ್ತಿ ಗೊತ್ತಿಲ್ಲ ಎಂದಲ್ಲ. ಕೇಳಿದರೆ ಹೇಳುತ್ತಾನೆ. ಆದರೆ ಒಂದು ಗಳಿಗೆ ಬೇಕು. ಆ ಗಳಿಗೆಯಲ್ಲಿ ಅವನ ಮುಖ ಸಂತೆಯಲ್ಲಿ ಅವ್ವನ ಸೆರಗು ಬಿಟ್ಟುಹೋದ ಮಗುವಿನಂತಾಗುತ್ತದೆ. ಆಮೇಲೆ ಸರಿಯಾದ ಉತ್ತರ ಬರುತ್ತದೆ. ಒಮ್ಮೊಮ್ಮೆ ಬರುವುದಿಲ್ಲ.

ನಮ್ಮದು ಹಳೇಬೀಡು. ಬಸ್ಸಿನಿಂದ ಇಳಿದವನು ಕಣ್ಣು ಮುಚ್ಚಿ ನಡೆದರೂ ದೇವಸ್ಥಾನಕ್ಕೇ ಹೋಗಿ ಡಿಕ್ಕಿ ಹೊಡೆಯುವಂಥ ಊರು. ಅಂಥ ಊರಿನಲ್ಲಿ ಇವನು ಹೈಸ್ಕೂಲಿನಲ್ಲಿದ್ದಾಗ ಒಂದು ಬಸ್ಸು ಪ್ರವಾಸಿಗಳಿಗೆ ದಾರಿ ತಪ್ಪಿಸಿದ! ‘ಲೆಫ್ಟ್, ಲೆಫ್ಟ್’ ಎಂದು ಬಸ್ತಿಹಳ್ಳಿಯ ಬಸದಿಗಳ ಕಡೆಗೆ ಕಳಿಸಿದ. ಎರಡು ಗಂಟೆ ಬಿಟ್ಟು ಅವರು ತಿರುಗಿ ಬಂದಾಗ ಇವನು ಚಹಾದಂಗಡಿಯ ಹಿಂದೆ ಬಚ್ಚಿಟ್ಟುಕೊಂಡ. ಹುಡುಕಿ ಹಿಡಿದು, ಬೆನ್ನು ತಟ್ಟಿ, ‘ಎಲ್ಲರೂ ದೊಡ್ಡ ಗುಡಿಗೇ ಕಳಿಸುತ್ತಾರೆ, ನೀನೊಬ್ಬ ಒಳ್ಳೆಯ ಜಾಗ ತೋರಿಸಿದೆ’ ಎಂದು ಕೈಗೆ ಬಿಸ್ಕತ್ತಿನ ಪೊಟ್ಟಣ ಕೊಟ್ಟು ಹೋದರು. ತಪ್ಪಿಗೆ ಬಿಸ್ಕತ್ತು ಸಿಕ್ಕಿದರೆ ತಿದ್ದಿಕೊಳ್ಳುವವನು ಯಾರು?

ಬೇಲೂರಿನ ದೇವಸ್ಥಾನಕ್ಕೆ ಹೋದಾಗಲೂ ಹಾಗೆಯೇ. ಜನರೆಲ್ಲ ಪ್ರದಕ್ಷಿಣೆ ಬರುತ್ತಿದ್ದರೆ ಇವನು ಎದುರಿನಿಂದ ಬಂದು ಎಲ್ಲರಿಗೂ ನಮಸ್ಕಾರ ಮಾಡುತ್ತಿದ್ದ. ಅವ್ವ ಹಣೆ ಚಚ್ಚಿಕೊಂಡಳು. ‘ನಿಮ್ಮಜ್ಜನ್ನ ಒಳೀಕೇ ಬಿಡ್ತಿರ್ಲಿಲ್ಲ. ಬಿಟ್ಟ ಕಾಲ್ದಾಗೆ ನೀನು ಉಲ್ಟಾ ಸುತ್ತೀಯಲ್ಲೋ!’

ಇಂಥವನು ವಿಮಾನ ಕಲಿಯಲು ಹೇಗೆ ಹೋದ? ಸರ್ಕಾರದ ವಿದ್ಯಾರ್ಥಿವೇತನ ಸಿಕ್ಕಿತು, ಹೋದ. ನಮ್ಮ ಮನೆತನದಲ್ಲಿ ಮೊದಲು ಡಿಗ್ರಿ ಮಾಡಿದವಳು ನಾನು. ಹಾಸ್ಟೆಲ್ಲಿನ ನೀರು ಸಾರಿನಲ್ಲಿ ಬೇಳೆ ಹುಡುಕುತ್ತ ಓದಿ, ಜಾವಗಲ್ಲಿನ ಹೈಸ್ಕೂಲಿನಲ್ಲಿ ಮೇಡಂ ಆದವಳು. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆ ಇಲ್ಲ. ಅಪ್ಪ ತೀರಿಕೊಂಡ ಮೇಲೆ ತಮ್ಮನಿಗೆ ಅಕ್ಷರ ಕಲಿಸಿದವಳೂ ನಾನೇ. ‘ನನಗಿಂತ ಮೇಲೆ ಹೋಗಬೇಕು ಕಣೋ’ ಎಂದು ದಿನಾ ಹೇಳುತ್ತಿದ್ದೆ. ಇಷ್ಟು ಮೇಲೆ ಎಂದು ಹೇಳಿರಲಿಲ್ಲ!

ಹೊರಟ ಮೊದಲ ದಿನವೇ ಅರಸೀಕೆರೆ ಸ್ಟೇಷನ್ನಿನಲ್ಲಿ ಎಡಗಡೆಯ ಗಾಡಿ ಬೆಂಗಳೂರಿಗೆ ಎಂದು ನಾನು ಹೇಳಿದ್ದಕ್ಕೆ ಬಲಗಡೆಯದನ್ನು ಹತ್ತಿ ಕಡೂರಿನಲ್ಲಿ ಇಳಿದ.

ವಿಮಾನ ಕಲಿಸುವ ಶಾಲೆಯ ದಿನಚರಿಯನ್ನು ಪತ್ರದಲ್ಲಿ ಬರೆಯುತ್ತಿದ್ದ. ನಾಲ್ಕೂವರೆಗೆ ಏಳುವುದು. ಹಳೇ ಬನಿಯನ್ನಿನಲ್ಲಿ ರೆಕ್ಕೆಯ ಇಬ್ಬನಿ ಒರೆಸುವುದು. ಟ್ಯಾಂಕಿನಿಂದ ಚೂರು ಪೆಟ್ರೋಲನ್ನು ಗಾಜಿನ ಕೊಳವೆಗೆ ಇಳಿಸಿ, ಬೆಳಕಿಗೆ ಹಿಡಿದು, ನೀರು ಸೇರಿದೆಯೇ ಎಂದು ನೋಡುವುದು. ಆಮೇಲೆ ಮಂಜು ಸರಿಯುವವರೆಗೆ ಕಾಯುವುದು. ‘ಹಾರಾಟ ಮುಕ್ಕಾಲು ಗಂಟೆ, ಒರೆಸಾಟ ಮೂರು ಗಂಟೆ ಕಣಕ್ಕ’ ಎಂದು ಬರೆದಿದ್ದ.

ಎಡಬಲದ ಕತೆ? ಮೊದಲು ಒಂದೇ ಇಂಜಿನ್ನಿನ ವಿಮಾನ. ಮೂಗಿನ ಮೇಲೆ ಒಂದೇ ಒಂದು. ಎಡದ ಇಂಜಿನ್ ಯಾವುದು ಎಂದು ಯಾರು ಕೇಳಬೇಕು? ತಿರುಗು ಎಂದಾಗ ವಾಚು ನೋಡಿಕೊಳ್ಳುತ್ತಿದ್ದ. ವಾಚು ಕಟ್ಟಿದ ಕೈ ಎಡ. ಒಂದು ದಿನ ವಾಚಿನ ಪಟ್ಟಿ ಹರಿಯಿತು. ನೆಲದ ಮೇಲೆ ವಿಮಾನ ನಡೆಸಿಕೊಂಡು ಹೋಗುತ್ತಿದ್ದವನು ಎಡಕ್ಕೆ ಎಂದದ್ದಕ್ಕೆ ಬಲಕ್ಕೆ ತಿರುಗಿಸಿ ಮೆಸ್ಸಿನ ಮುಂದೆ ನಿಲ್ಲಿಸಿದ. ಅಡಿಗೆ ಭಟ್ಟರು ಸೌಟು ಹಿಡಿದು ಹೊರಗೆ ಬಂದು, ‘ಉಪ್ಪಿಟ್ಟು ಇನ್ನೂ ಆಗಿಲ್ಲ ಕಣಪ್ಪ, ವಾಪಸ್ ತಗೊಂಡೋಗು’ ಎಂದರಂತೆ!

ಇಷ್ಟರವರೆಗೆ ನಗು. ಆಮೇಲೆ ಎರಡು ಇಂಜಿನ್ನಿನ ವಿಮಾನಕ್ಕೆ ಏರಿಸಿದರು.

ಅವ್ವನಿಗೆ ಬಹಳ ಸಮಾಧಾನವಾಯಿತು. ‘ಒಂದು ಕೆಟ್ರೆ ಇನ್ನೊಂದೈತೆ ಬಿಡು.’ ನಾನೂ ಹಾಗೆಯೇ ತಿಳಿದಿದ್ದೆ. ಹಾಗಲ್ಲವಂತೆ. ಏರುವಾಗ ಒಂದು ಇಂಜಿನ್ ಸತ್ತರೆ ವಿಮಾನ ಸತ್ತ ಕಡೆಗೇ ಮೂಗು ತಿರುಗಿಸುತ್ತದೆ. ಬದುಕಿರುವ ಕಡೆಯ ಪೆಡಲನ್ನು ಕಾಲಿನಿಂದ ಒತ್ತಿ ಅದನ್ನು ನೇರ ಹಿಡಿಯಬೇಕು. ಆಗ ಯಾವ ಕಾಲಿಗೆ ಕೆಲಸವಿಲ್ಲವೋ ಆ ಕಡೆಯ ಇಂಜಿನ್ ಸತ್ತಿದೆ ಎಂದು ಲೆಕ್ಕ. ಅದನ್ನು ಬಾಯಿಬಿಟ್ಟು ಹೇಳಿ, ಅದು ಗಾಳಿಗೆ ಅಡ್ಡ ನಿಂತು ವಿಮಾನವನ್ನು ಜಗ್ಗದ ಹಾಗೆ, ಅದರ ಸನ್ನೆಕೋಲನ್ನೇ ಎಳೆದು ಪೂರ್ತಿ ಆರಿಸಬೇಕು. ಸಿಗುವುದು ಕೆಲವೇ ಕ್ಷಣ. ಗಾಬರಿಯಲ್ಲಿ ಇನ್ನೊಂದನ್ನು ಎಳೆದರೆ? ಹೆಣವನ್ನು ಬಿಟ್ಟು ಹೊತ್ತವನನ್ನು ಹೂಳಿದ ಹಾಗೆ!

ವಾಚು ನೋಡುವಷ್ಟು ಹೊತ್ತು ಅಲ್ಲಿ ಇಲ್ಲ.

ಅವನ ರೂಮಿನಲ್ಲಿದ್ದ ಗೆಳೆಯ ಬಿಜಾಪುರದ ಕಡೆಯವನು. ಎಡಬಲ ಚೆನ್ನಾಗಿಯೇ ಗೊತ್ತಿದ್ದವನು. ಒಂದು ಬೆಳಗ್ಗೆ ಅವನೂ ಕಲಿಸುವವರೂ ಏರಿದರು, ಓಡುದಾರಿಯ ಆಚೆಯ ಹೊಲದಲ್ಲಿ ಬಿದ್ದರು. ಇಬ್ಬರೂ ಉಳಿಯಲಿಲ್ಲ. ಚೆನ್ನಾಗಿದ್ದ ಇಂಜಿನ್ನನ್ನೇ ಆರಿಸಿಬಿಟ್ಟರು ಎಂದು ಮೆಸ್ಸಿನಲ್ಲಿ ಮಾತಂತೆ. ಯಾರ ಕೈ, ಯಾಕೆ, ಯಾರಿಗೂ ಗೊತ್ತಿಲ್ಲ. ವಿಚಾರಣೆ ಮುಗಿಯುವವರೆಗೆ ಹಾರಾಟ ನಿಲ್ಲಿಸಿ ಎಲ್ಲರನ್ನೂ ಊರಿಗೆ ಕಳಿಸಿದರು.

ತಮ್ಮ ಮನೆಗೆ ಬಂದವನು ಚಪ್ಪಲಿ ಬಿಡದೆ ಜಗಲಿಯ ಮೇಲೆ ಕುಳಿತ. ‘ಅವನ ಟವೆಲ್ಲು ಹಗ್ಗದ ಮೇಲೆ ಇನ್ನೂ ಒದ್ದೆ ಇತ್ತು ಕಣಕ್ಕ’ ಎಂದ.

ಮಾರನೆಯ ದಿನದಿಂದ ಹುಚ್ಚು ಶುರುವಾಯಿತು. ರಾಗಿ ಚೀಲದ ಬಾಯಿ ಬಿಚ್ಚಿ ಅದರಲ್ಲಿ ಸನ್ನೆಕೋಲುಗಳೆಂದು ಆರು ಸೌಟು ನೆಟ್ಟ. ಮೂರು ಎಡದ ಇಂಜಿನ್ನಿಗೆ, ಮೂರು ಬಲದ್ದಕ್ಕೆ. ನಮ್ಮ ಮನೆಯಲ್ಲಿ ಇದ್ದದ್ದೇ ಮೂರು. ಬಲಗಡೆಯ ಇಂಜಿನ್ ಪಕ್ಕದ ಮನೆಯದು! ಅವರು ಸಾರು ಬಡಿಸುವ ಹೊತ್ತಿಗೆ ಕೇಳಿಕೊಂಡು ಬಂದರೆ ಅವ್ವ ಗಂಭೀರವಾಗಿ, ‘ತಾಳವ್ವ, ಪ್ಲೇನ್ ಇಳಿಸ್ಲಿ, ಕೊಡ್ತೀನಿ’ ಎನ್ನುತ್ತಿದ್ದಳು. ಇವನು ಮಣೆಯ ಮೇಲೆ ಕುಳಿತು, ಎರಡು ಇಟ್ಟಿಗೆಗಳ ಮೇಲೆ ಕಾಲಿಟ್ಟು, ಬೆಳಗಿನಿಂದ ಒಂದೇ ಮಂತ್ರ: ‘ಸತ್ತ ಕಾಲು, ಸತ್ತ ಇಂಜಿನ್. ಸತ್ತ ಕಾಲು, ಸತ್ತ ಇಂಜಿನ್.’

‘ಬಾಗ್ಲಿಗೆ ನೀರೂ ಹಾಕಿಲ್ಲ, ಸತ್ತಿದ್ದು ಸತ್ತಿದ್ದು ಅಂತೀಯಲ್ಲೋ!’ ಎಂದು ಅವ್ವ ಒಲೆಗೆ ಮೆಣಸಿನಕಾಯಿ ಹಾಕಿ ದೃಷ್ಟಿ ತೆಗೆದಳು. ಆ ಘಾಟಿಗೆ ಪೈಲಟ್ಟೂ ಕೆಮ್ಮಿದ, ನಾನೂ ಕೆಮ್ಮಿದೆ, ಎರಡೂ ಇಂಜಿನ್ ಒಟ್ಟಿಗೆ ನಿಂತುಹೋದವು.

ನಾನು ಮೇಡಂ ಅಲ್ಲವೇ? ಪರೀಕ್ಷೆ ಮಾಡದೆ ಇರಲಾದೀತೇ? ಅವನ ಹಿಂದೆ ನಿಂತು, ಇದ್ದಕ್ಕಿದ್ದಂತೆ ಒಂದು ಕಾಲನ್ನು ಇಟ್ಟಿಗೆಯಿಂದ ತಳ್ಳಿ, ‘ಯಾವುದು ಸತ್ತಿತು? ಬೇಗ!’ ಎನ್ನುತ್ತಿದ್ದೆ. ಹತ್ತಕ್ಕೆ ಮೂರು ಸಲ ತಪ್ಪು ಸೌಟು ಎಳೆಯುತ್ತಿದ್ದ. ಹತ್ತಕ್ಕೆ ಏಳು ನನ್ನ ಶಾಲೆಯಲ್ಲಿ ಫಸ್ಟ್ ಕ್ಲಾಸು. ಅಲ್ಲಿ ಸಾವು.

‘ಬಿಟ್ಟುಬಿಡೋ. ಬಿ.ಎಡ್. ಮಾಡ್ಕೊಂಡು ಇಲ್ಲೇ ಇರು’ ಎಂದೆ.

‘ಬಿಡಾಕಾಗಲ್ಲ ಕಣಕ್ಕ’ ಎಂದ. ‘ಅವ್ನು ಸತ್ತ ಅಂತ ಬಿಟ್ರೆ ಅವ್ನು ಸುಮ್ನೆ ಸತ್ತಂಗಾಯ್ತದೆ.’

ಆಗ ಗಮನಿಸಿದೆ. ಉತ್ತರ ಹೇಳುವ ಮುಂಚೆ ಪ್ರತಿ ಸಲವೂ ಅವನ ಕಣ್ಣು ಒಂದು ಕೈಯ ಬೆರಳಿನ ಗೆಣ್ಣಿಗೆ ಹೋಗಿ ಬರುತ್ತಿತ್ತು. ವಾಚು ಬಿಚ್ಚಿಟ್ಟಿದ್ದ.

‘ಏನೋ ನೋಡ್ತೀಯ ಅಲ್ಲಿ?’

‘ನೀನ್ ಹೊಡೆದಿದ್ದು ಯಾವ್ದು ಅಂತ.’

ಅವನು ಹುಟ್ಟಾ ಎಡಚ. ಇದನ್ನು ನಾನು ನಿಮಗೆ ಮೊದಲೇ ಹೇಳಬೇಕಿತ್ತು, ಹೇಳಲಿಲ್ಲ. ಬಳಪ ಎಡಗೈಯಲ್ಲೇ ಹಿಡಿಯುತ್ತಿದ್ದ, ಮುದ್ದೆ ಎಡಗೈಯಲ್ಲೇ ಮುರಿಯುತ್ತಿದ್ದ. ಹಿಡಿದಾಗಲೆಲ್ಲ ನಾನು ಅಡಿಕೋಲಿನ ಅಂಚಿನಿಂದ ಗೆಣ್ಣಿನ ಮೇಲೆ ಕೊಡುತ್ತಿದ್ದೆ. ಕೆಟ್ಟವಳಾಗಿ ಅಲ್ಲ. ನಮ್ಮಂಥವರನ್ನು ನೋಡಿ ನಗಲು ಜನಕ್ಕೆ ನೂರು ಕಾರಣ ಇದ್ದವು, ನೂರಾ ಒಂದನೆಯದು ಬೇಡ ಎಂದು. ಆರು ತಿಂಗಳಲ್ಲಿ ಬಲಗೈಯಲ್ಲಿ ಮುತ್ತಿನಂತೆ ಬರೆದ. ಎಷ್ಟು ಹೆಮ್ಮೆ ನನಗೆ! ಆದರೆ ತನ್ನ ಕೈ ತನ್ನದಲ್ಲ ಎಂದು ಕಲಿತವನಿಗೆ ಎಡ ಯಾವುದು, ಬಲ ಯಾವುದು? ಗೆಣ್ಣಿನ ಮೇಲೆ ಅಡಿಕೋಲಿನ ಗುರುತು ಇನ್ನೂ ಇತ್ತು, ಅಕ್ಕಿಕಾಳಿನಷ್ಟು.

ಅವನು ಗೂಡಿನಿಂದ ಅದೇ ಅಡಿಕೋಲು ತೆಗೆದು ನನ್ನ ಕೈಗೆ ಕೊಟ್ಟ. ‘ಇನ್ನೊಂದ್ಸಲ ಹೊಡಿ. ಅಲ್ಲಿ ಕೈ ನೋಡಾಕೆ ಟೈಮಿಲ್ಲ, ನೋಯ್ತಿದ್ರೆ ಗೊತ್ತಾಯ್ತದೆ.’

‘ತಲೆ ಕೆಟ್ಟೈತೇನೋ?’

‘ಹೊಡಿಯೇ, ಮೇಡಂ!’

ಎತ್ತಿದೆ. ಕೈ ಇಳಿಯಲಿಲ್ಲ. ಅಡಿಕೋಲನ್ನು ಒಲೆಗೆ ಹಾಕಿ, ಆ ಗೆಣ್ಣನ್ನು ನನ್ನ ಎರಡೂ ಕೈಯಲ್ಲಿ ಹಿಡಿದುಕೊಂಡು ಕುಳಿತೆ. ಮುದ್ದೆ ಆರುವವರೆಗೆ ಹಾಗೆಯೇ ಕುಳಿತಿದ್ದೆವು. ಅಂದು ಅವನು ಎಡಗೈಯಲ್ಲಿ ಉಂಡ.

ಆಮೇಲಿನ ದಿನಗಳಲ್ಲಿ ಎಡ ಬಲ ಎಂಬ ಮಾತನ್ನೇ ಬಿಟ್ಟೆವು. ಕಾಲು ತಳ್ಳಿದರೆ ಅವನು ಕಣ್ಣು ಮುಚ್ಚಿಕೊಂಡೇ ‘ಪೆಟ್ಟಿಂದು’ ಅಥವಾ ‘ಪೆಟ್ಟಿಲ್ದಿದ್ದು’ ಎಂದು ಸೌಟು ಎಳೆಯುತ್ತಿದ್ದ. ಹೊರಡುವ ಹೊತ್ತಿಗೆ ಹತ್ತಕ್ಕೆ ಹತ್ತು. ಅರಸೀಕೆರೆಯಲ್ಲಿ ಈ ಸಲ ನಾನೇ ಕೈ ಹಿಡಿದು ಗಾಡಿ ಹತ್ತಿಸಿದೆ.

ಅವನ ಪರೀಕ್ಷೆಯ ದಿನ ನಾನು ಎರಡನೆಯ ಪೀರಿಯಡ್ಡಿನಲ್ಲಿ ಒಂದೇ ಲೆಕ್ಕವನ್ನು ಮೂರು ಸಲ ಬೋರ್ಡಿನ ಮೇಲೆ ಬರೆದೆ. ಮಧ್ಯಾಹ್ನದ ಬೆಲ್ಲಿಗೆ ಜಾವಗಲ್ ಬಸ್ ಸ್ಟ್ಯಾಂಡಿನ ಎಸ್‌ಟಿಡಿ ಬೂತಿಗೆ ಓಡಿ, ಕಾಯುತ್ತ ನಿಂತೆ. ಫೋನು ಬಂತು.

‘ಅಕ್ಕ, ಏರ್ತಾ ಇದ್ದಂಗೇ ಪರೀಕ್ಷೆ ಮಾಡೋರು ಬೇಕಂತ್ಲೇ ಒಂದು ಇಂಜಿನ್ ತೆಗೆದ್ರು. ನಾನು ನೋಡ್ಬಾರ್ದು ಅಂತ ಸನ್ನೆಕೋಲಿನ ಮ್ಯಾಲೆ ನಕ್ಷೆ ಮುಚ್ಚಿದ್ರು.’

‘ಯಾವುದೋ? ಯಾವುದು ತೆಗೆದ್ರು?’

ಆ ಒಂದು ಗಳಿಗೆ ಈ ಸಲ ಬರಲೇ ಇಲ್ಲ.

‘ನೀನ್ ಹೊಡೆದಿದ್ದು ಕಣಕ್ಕ.’

ಉಳಿದದ್ದನ್ನೂ ಹೇಳಿ ಅವನು ಫೋನಿಟ್ಟ ಮೇಲೂ ನಾನು ರಿಸೀವರ್ ಹಿಡಿದೇ ನಿಂತಿದ್ದೆ. ಬೂತಿನವರು ಬಗ್ಗಿ ನನ್ನ ಮುಖ ನೋಡಿ, ‘ಯಾಕ್ ಮೇಡಂ? ಪಾಸೋ, ಫೇಲೋ?’ ಎಂದರು.

‘ಅವನು ಪಾಸು’ ಎಂದೆ.