ಹಡಗಿನ ಊಟಕ್ಕೆ ಅಜ್ಜನ ಶೇರ್ವಾನಿ

ಊಟಕ್ಕೆ ಏನು ಮಾಡಬೇಕು ಎಂಬುದು ನಮ್ಮಂಥ ಹೆಂಗಸರಿಗೆ ದಿನಾ ಬೆಳಗಾದರೆ ಎದುರಾಗುವ ಪ್ರಶ್ನೆ. ಊಟಕ್ಕೆ ಏನು ಉಟ್ಟುಕೊಳ್ಳಬೇಕು ಎಂಬ ಪ್ರಶ್ನೆಯೂ ಜಗತ್ತಿನಲ್ಲಿ ಇದೆಯೆಂದು ನನಗೆ ಗೊತ್ತಾದದ್ದು ಅರ್ಧ ತಲೆ ಬೆಳ್ಳಗಾದ ಮೇಲೆ. ನಮ್ಮ ಶಹಾಪುರದ ಕಡೆ ಉಣ್ಣಲು ಕೂಡುವಾಗ ಮೈಮೇಲಿದ್ದ ಬಟ್ಟೆಯನ್ನೇ ಒಂದಿಷ್ಟು ಸಡಿಲು ಮಾಡಿಕೊಳ್ಳುವುದು ರೂಢಿ. ಗಂಡಸರು ಅಂಗಿ ಕಳಚಿ ಗೂಟಕ್ಕೆ ಹಾಕುತ್ತಾರೆ, ಹೆಂಗಸರು ಸೆರಗು ಸಿಕ್ಕಿಸಿಕೊಳ್ಳುತ್ತಾರೆ. ರೊಟ್ಟಿ ಮುರಿಯುವ ಕೈಗೆ ತೋಳು ಅಡ್ಡ ಬರಬಾರದು, ತುಂಬಿದ ಹೊಟ್ಟೆಗೆ ಗುಂಡಿ ಅಡ್ಡ ಬರಬಾರದು, ಇಷ್ಟೇ ನಮ್ಮ ಶಾಸ್ತ್ರ. ಊಟಕ್ಕಾಗಿಯೇ ಬೇರೆ ಬಟ್ಟೆ ಹೊಲಿಸಿ, ಕತ್ತಿನ ತನಕ ಬಿಗಿದುಕೊಂಡು ಉಣ್ಣುವ ಜನರ ಮನೆಯಲ್ಲಿ ಅಡುಗೆ ಅಷ್ಟು ರುಚಿ ಇರಲಿಕ್ಕಿಲ್ಲ ಎಂದು ನನಗೆ ಈಗಲೂ ಗುಮಾನಿ.

ನನ್ನದು ಬೀಜ, ಗೊಬ್ಬರ, ಎಣ್ಣೆಯ ಅಂಗಡಿ. ಎಣ್ಣೆ ಅಂದರೆ ಒಗ್ಗರಣೆಯದಲ್ಲ, ಹತ್ತಿಯ ಹುಳಕ್ಕೆ ಹೊಡೆಯುವುದು. ಮಾವನವರು ಹಾಕಿದ ಅಂಗಡಿ ಅದು. ಅವರು ತೀರಿಕೊಂಡ ಮೇಲೆ ಗಲ್ಲಾಪೆಟ್ಟಿಗೆಯ ಮುಂದೆ ಕೂಡುವವರು ಯಾರು ಎಂಬ ಮಾತು ಬಂತು. ಅವರ ಮಗ, ಅಂದರೆ ನನ್ನ ಗಂಡ, ಸರಕಾರಿ ಶಾಲೆಯ ಮಾಸ್ತರು. ಊರೆಲ್ಲ ಮಾಸ್ತರು ಎನ್ನುವುದರಿಂದ ನಾನೂ ಹಾಗೇ ಅನ್ನುತ್ತೇನೆ. ಯೂರಿಯಾ ಯಾವುದು, ಡಿಎಪಿ ಯಾವುದು ಎಂದು ಕೇಳಿದರೆ ಚೀಲದ ಬಣ್ಣ ನೋಡಿ ಹೇಳುವ ಮನುಷ್ಯ, ಅದೂ ತಪ್ಪು. ಹೀಗಾಗಿ ನಾನೇ ಕೂತೆ. ಕೂತವಳು ಇನ್ನೂ ಎದ್ದಿಲ್ಲ.

ಅಂಗಡಿಯಲ್ಲಿ ನನಗೇನೂ ತೊಂದರೆ ಇಲ್ಲ. ರೈತರು "ಅಕ್ಕಾ" ಅನ್ನುತ್ತಾರೆ, ಉದ್ರಿ ಕೇಳುತ್ತಾರೆ, ಬೈಸಿಕೊಳ್ಳುತ್ತಾರೆ, ಹೋಗುತ್ತಾರೆ. ತೊಂದರೆ ಇರುವುದು ಕಂಪನಿಗಳು ಡೀಲರುಗಳಿಗಾಗಿ ಮಾಡುವ ಸಭೆಗಳಲ್ಲಿ. ನಮ್ಮ ಮಾಸ್ತರು ಬಾಗಿಲ ಚೌಕಟ್ಟಿಗೆ ತಲೆ ತಾಗುವ ಆಳು, ಮೇಲೆ ಹುರಿ ಮೀಸೆ. ನಾನು ಅವರ ಮೊಳಕೈ ತನಕ ಬರುತ್ತೇನೆ, ಅದೂ ಚಪ್ಪಲಿ ಹಾಕಿಕೊಂಡಾಗ. ಕಲಬುರಗಿಯ ಹೋಟೆಲೊಂದರಲ್ಲಿ "ಶಹಾಪುರದ ಡೀಲರ್ ಬರಬೇಕು" ಎಂದು ಕೂಗಿದರು. ನಾನು ಎದ್ದೆ. ನನ್ನ ಚೀಲ ಹಿಡಿದುಕೊಂಡು ಹಿಂದೆಯೇ ಅವರೂ ಎದ್ದರು. ಶಾಲು ಹೋಗಿ ಯಾರ ಹೆಗಲ ಮೇಲೆ ಬಿತ್ತು ಹೇಳಿ? "ನಾ ಅಲ್ರಿ, ಆಕಿರಿ" ಎಂದು ಮಾಸ್ತರು ಹೇಳುತ್ತಾರೆ, ಸುಳ್ಳು ಹೇಳಬಾರದು, ಆದರೆ ಹಾರ ಕೊರಳಿಗೆ ಬಿದ್ದ ಮೇಲೆ ಹೇಳುತ್ತಾರೆ. ಯಾದಗಿರಿಯಲ್ಲಂತೂ ಬೆಳ್ಳಿ ಬಣ್ಣದ ತಟ್ಟೆಯನ್ನು ಅವರ ಕೈಗಿಟ್ಟ ಮ್ಯಾನೇಜರು, "ಸರ್, ಮೇಡಂ ಅವರನ್ನೂ ಫೋಟೋಕ್ಕೆ ಕರೀರಿ" ಅಂದ. ಬಿತ್ತಿ ಬೆಳೆದವಳು ನಾನು, ರಾಶಿ ಮನೆಗೆ ಒಯ್ದವರು ಅವರು! ಆ ತಟ್ಟೆಯಲ್ಲಿ ನಾನು ಈ ತನಕ ಒಂದು ಹೋಳು ಬಾಳೆಹಣ್ಣೂ ಇಟ್ಟಿಲ್ಲ.

ಹೀಗಿರುವಾಗ ಈ ಸಲ ಜಿಲ್ಲೆಗೇ ಹೆಚ್ಚು ಮಾಲು ಮಾರಿದವಳು ನಾನೇ ಎಂದು ಕಂಪನಿಯಿಂದ ಸುದ್ದಿ ಬಂತು. ಮುಂಬೈಯಿಂದ ದೊಡ್ಡ ಹಡಗಿನಲ್ಲಿ ಪ್ರವಾಸ. ಎರಡನೇ ರಾತ್ರಿ ಭಾರಿ ಊಟ, ಅಲ್ಲಿ ಹಡಗಿನ ಕ್ಯಾಪ್ಟನ್ ಕೈಯಿಂದ ಫಲಕ. ಜೊತೆಗೆ ಮನೆಯವರೊಬ್ಬರನ್ನು ಕರೆತರಬಹುದು. ನಾನು ಆ ಕ್ಷಣವೇ ಕುಲದೇವರ ಮೇಲೆ ಆಣೆ ಇಟ್ಟುಕೊಂಡೆ. ಈ ಫಲಕ ನೇರ ನನ್ನ ಕೈಗೆ ಬರಬೇಕು, ನಡುವೆ ಮಾಸ್ತರ ಕೈ ಹಾಯಬಾರದು.

ಹಿಂದೆಯೇ ಊಟದ ಬಟ್ಟೆಯ ನಿಯಮ ವಾಟ್ಸಾಪಿನಲ್ಲಿ ಬಂತು. ಗಂಡಸರು ಸೂಟು ಅಥವಾ ಕೋಟು, ಹೆಂಗಸರು ಗೌನು ಅಥವಾ ಸೀರೆ. ಚಡ್ಡಿ ಹಾಕಿಕೊಂಡು ಬಂದವರಿಗೆ ಪ್ರವೇಶವಿಲ್ಲ. ಮಾಸ್ತರು ಅದನ್ನು ಎರಡು ಸಲ ಓದಿ, "ಊಟಕ್ಕ ಚಡ್ಡಿ ಮ್ಯಾಲೆ ಯಾವ ಮನಶಾ ಹೋಗ್ತಾನ?" ಎಂದು ನಕ್ಕರು. (ಹಡಗು ಹತ್ತಿದ ಮೇಲೆ ಗೊತ್ತಾಯಿತು. ನಮ್ಮ ಅಪ್ಪನ ವಯಸ್ಸಿನವರು, ಮೊಮ್ಮಕ್ಕಳಿದ್ದವರು, ಹಗಲೆಲ್ಲ ಚಡ್ಡಿಯ ಮೇಲೆಯೇ ತಿರುಗಾಡುತ್ತಿದ್ದರು. ಆ ನಿಯಮ ಬರೆದವರು ಅನುಭವಸ್ಥರು.) ಗೌನು ಅಂದರೆ ಏನು ಎಂದು ನಮ್ಮ ಅತ್ತೆ ಕೇಳಿದರು. ಮೈತುಂಬ ಉದ್ದಕ್ಕೆ ಒಂದೇ ಅರಿವೆ ಎಂದು ಹೇಳಿದೆ. "ಹಂಗಾದ್ರ ನಿನ್ನ ನೈಟಿ ಇದ್ದೇ ಅದಲ್ಲ, ಇಸ್ತ್ರಿ ಮಾಡ್ಸಿ ಒಯ್ಯಿ" ಅಂದರು. ಮರುಗಳಿಗೆಗೆ, "ಅಲ್ಲವಾ, ನೀರಿನ ಮ್ಯಾಲೆ ಕುಂತು ಉಣ್ಣಾಕ ಹೊಂಟೀರಲ್ಲ, ನೆಲದ ಮ್ಯಾಲೆ ಅನ್ನ ತೀರಿ ಹೋಗ್ಯಾದೇನ?" ಎಂದು ಬೇರೆ ಕೇಳಿದರು.

ನನ್ನ ಬಟ್ಟೆಯ ಚಿಂತೆ ಒಂದು ಗಳಿಗೆಯಲ್ಲಿ ಮುಗಿಯಿತು. ಕರಿ ಇಳಕಲ್ ಸೀರೆ, ಕೆಂಪು ಸೆರಗು. ಸೊಂಟಕ್ಕೆ ಅಂಗಡಿಯ ಕೀಲಿ ಗೊಂಚಲು. ಗೊಂಚಲು ಯಾಕೆಂದರೆ, ನೋಡಿದವರಿಗೆ ಯಜಮಾನಿ ಯಾರು ಎಂದು ತಟ್ಟನೆ ತಿಳಿಯಬೇಕು. ಚಿಂತೆ ಇದ್ದದ್ದು ಮಾಸ್ತರದು. ಅವರು ಕೋಟು ಹೊಲಿಸುತ್ತೇನೆ ಎಂದು ಹಟ ಹಿಡಿದರು. ಬರಿ ಅಂಗಿಯ ಮೇಲಿದ್ದಾಗಲೇ ಶಾಲು ಎಳೆದುಕೊಳ್ಳುವ ಮನುಷ್ಯ ಕೋಟು ಹಾಕಿದರೆ ಮುಗಿಯಿತು ಕತೆ, ಕ್ಯಾಪ್ಟನ್ ಫಲಕದ ಜೊತೆ ಹಡಗನ್ನೂ ಅವರ ಕೈಗೆ ಕೊಟ್ಟಾನು.

ಅದಕ್ಕೇ ನಾನೊಂದು ಹಂಚಿಕೆ ಹಾಕಿದೆ. ಅತ್ತೆಯ ಟ್ರಂಕಿನಲ್ಲಿ ಮಾಸ್ತರ ಅಜ್ಜನ ಕರಿ ಶೇರ್ವಾನಿ ಇತ್ತು. ಅಜ್ಜ ನಿಜಾಮರ ಕಾಲದಲ್ಲಿ ಕಚೇರಿಯ ಕಾರಕೂನ. ಹೈದರಾಬಾದಿಗೆ ಹೋಗುವಾಗ ಮಾತ್ರ ಅದನ್ನು ಹಾಕುತ್ತಿದ್ದರಂತೆ. ಅತ್ತೆ ವರ್ಷಕ್ಕೊಮ್ಮೆ ಬಿಸಿಲಿಗೆ ಹಾಕಿ, ಬೇವಿನ ಎಲೆ ಸುರಿದು, ಮತ್ತೆ ಒಳಗಿಡುತ್ತಾರೆ. ಅದನ್ನು ಹಾಕಿದರೆ ಮಾಸ್ತರು ಬಯಲಾಟದಲ್ಲಿ ಪಾತ್ರ ತಪ್ಪಿ ಬಂದವರಂತೆ ಕಾಣುತ್ತಾರೆ, ನಾಚಿಕೊಂಡು ಮೂಲೆ ಹಿಡಿದು ಕೂಡುತ್ತಾರೆ, ಇದು ನನ್ನ ಲೆಕ್ಕ. ಬಾಯಲ್ಲಿ ಮಾತ್ರ ಜೇನು ಸುರಿಸಿದೆ. "ಕೋಟು ಎಲ್ಲಾರೂ ಹಾಕ್ತಾರ್ರಿ. ಮನಿತನದ್ದು ಅಂತ ಒಂದು ಇರಬೇಕಲ್ರಿ?" ಮಾಸ್ತರು ಕರಗಿದರು. ಅತ್ತೆಯ ಕಣ್ಣಲ್ಲಿ ನೀರೇ ಬಂತು. ಸೊಸೆಗೆ ಮನೆತನದ ಮೇಲೆ ಎಷ್ಟು ಅಭಿಮಾನ ಎಂದು ಓಣಿಯೆಲ್ಲ ಹೇಳಿಕೊಂಡು ಬಂದರು.

ಶೇರ್ವಾನಿಯನ್ನು ದರ್ಜಿ ಖಾಸಿಂ ಭಾಯಿಯ ಬಳಿ ಒಯ್ದು, ಗುಟ್ಟಾಗಿ, "ಭಾಳ ಕೆಲಸ ಮಾಡಬ್ಯಾಡ್ರಿ ಭಾಯಿ, ಒಂಚೂರು ಜೋತುಬಿದ್ರೂ ನಡೀತದ" ಅಂದೆ. ಖಾಸಿಂ ಭಾಯಿ ಬಟ್ಟೆಯನ್ನು ಕೆನ್ನೆಗೆ ಒತ್ತಿಕೊಂಡರು. "ಅರೇ ಅಕ್ಕಾ! ಐಸಾ ಕಪಡಾ ಅಬ್ ಮಿಲ್ತಾಚ್ ನೈ! ಇಂಥಾ ಅರಿವಿ ಈಗ ಎಲ್ಲಿ ಸಿಗ್ತದ? ಇದನ್ನ ಜೋತುಬಿಟ್ರ ನಮ್ಮ ಅಬ್ಬಾ ಗೋರಿಯಾಗಿಂದ ಎದ್ದು ಬಂದು ನನ್ನ ಕಪಾಳಕ್ಕ ಹೊಡೀತಾರ." ವಾರ ಬಿಟ್ಟು ಮಾಸ್ತರು ಅದನ್ನು ತೊಟ್ಟು ಪಡಸಾಲೆಗೆ ಬಂದರು ನೋಡಿ, ಯವ್ವಾ! ಗುಂಡಿ ಒಂದೊಂದೂ ತನ್ನ ಜಾಗದಲ್ಲಿ ಕೂತಿತ್ತು, ಹೆಗಲು ಹೆಗಲಿಗೆ ಹೊಂದಿತ್ತು. ಅತ್ತೆ ಓಡಿ ಹೋಗಿ ಉಪ್ಪು, ಮೆಣಸಿನಕಾಯಿ ತಂದು ದೃಷ್ಟಿ ತೆಗೆದರು. ಗಣಪತಿ ಮಾಡಲು ಹೋಗಿ ಮಂಗನನ್ನು ಮಾಡಿದರು ಎಂದು ಜನ ಆಡಿಕೊಳ್ಳುತ್ತಾರೆ. ನಾನು ಮಂಗನನ್ನು ಮಾಡಲು ಹೋಗಿ ಗಣಪತಿಯನ್ನು ಮಾಡಿಟ್ಟಿದ್ದೆ. ಇನ್ನು ಬದಲಿಸುವ ಹಾಗಿರಲಿಲ್ಲ, ಅಭಿಮಾನದ ಸುದ್ದಿ ಓಣಿ ದಾಟಿ ಸುರಪುರದ ನನ್ನ ತವರಿಗೂ ಮುಟ್ಟಿತ್ತು.

ಯಾದಗಿರಿಯಲ್ಲಿ ರೈಲು ಹತ್ತಿ, ಮುಂಬೈಯಲ್ಲಿ ಇಳಿದು, ಹಡಗು ಏರಿದೆವು. ಹಡಗಿನ ಸೊಗಸನ್ನು ನಾನು ವರ್ಣಿಸುವುದಿಲ್ಲ. ನಮ್ಮ ಕಡೆಯ ಕೊಂಕಲ್ಲಿನಷ್ಟು ದೊಡ್ಡ ಊರನ್ನು ಎತ್ತಿ ನೀರಿನ ಮೇಲೆ ಇಟ್ಟಿದ್ದರು, ಅಷ್ಟೇ. ಎರಡನೇ ಸಂಜೆ ಸೀರೆ ಉಟ್ಟು, ಗೊಂಚಲು ಸಿಕ್ಕಿಸಿ, ಮೊಗಸಾಲೆಗೆ ಬಂದು ನಿಂತೆ. ಮಾಸ್ತರು ಇನ್ನೂ ಕೋಣೆಯಲ್ಲಿ ಗುಂಡಿ ಹಾಕಿಕೊಳ್ಳುತ್ತಿದ್ದರು. ಅಷ್ಟರಲ್ಲಿ ಒಬ್ಬ ದಪ್ಪ ಹೆಂಗಸು ಬಂದು, ನನ್ನ ಸೊಂಟ ನೋಡಿ, ತಮ್ಮ ಕೋಣೆಯ ಬಾಗಿಲು ತೆಗೆಯಲು ಬರುತ್ತಿಲ್ಲ, ಬಂದು ತೆಗೆ ಎಂದು ಹಿಂದಿಯಲ್ಲಿ ಅಪ್ಪಣೆ ಮಾಡಿದರು. ಯಜಮಾನಿಯ ಗುರುತೆಂದು ನಾನು ಸಿಕ್ಕಿಸಿದ್ದು ಹಡಗಿನಲ್ಲಿ ಕಸ ಗುಡಿಸುವವರ ಮೇಲಿನವಳ ಗುರುತಾಗಿತ್ತು. ಗೊಂಚಲು ಚೀಲ ಸೇರಿತು. ಅವರ ಬಾಗಿಲು ಮಾತ್ರ ತೆಗೆದುಕೊಟ್ಟೇ ಬಂದೆ, ಕೀಲಿಯ ಬದಲಿಗೆ ಕೊಟ್ಟಿದ್ದ ಕಾರ್ಡನ್ನು ತಿರುವುಮುರುವು ಹಿಡಿದಿದ್ದರು ಪಾಪ.

ಊಟದ ಹಾಲಿನಲ್ಲಿ ಎಲ್ಲಿ ನೋಡಿದರೂ ಕೋಟು. ರಾಮಸಮುದ್ರದ ಡೀಲರು, ಕೆಂಭಾವಿಯ ಡೀಲರು, ಎಲ್ಲರೂ ಕೊರಳಿಗೆ ಟೈ ಬಿಗಿದುಕೊಂಡು, ಉಗುಳು ನುಂಗಲು ಆಗದೆ ಕೂತಿದ್ದರು. ತಟ್ಟೆಯ ಎರಡೂ ಬದಿಗೆ ಚಮಚಗಳ ಸಾಲು. ಬಾಗಿಲಲ್ಲಿ ಮಾಸ್ತರು ಕಾಣಿಸಿಕೊಂಡರು ನೋಡಿ, ಎಲ್ಲರ ತಲೆಯೂ ಆ ಕಡೆಗೇ ತಿರುಗಿತು. ಬಗ್ಗಿದರೆ ಬಟ್ಟೆ ಹಿಸಿಯುತ್ತದೆಂದು ಅವರು ನೆಟ್ಟಗೆ, ಮೆಲ್ಲಗೆ ಬರುತ್ತಿದ್ದರು. ಜನರಿಗೆ ಅದು ರಾಜಠೀವಿಯಾಗಿ ಕಂಡಿತು. ಒಬ್ಬಳು ಹುಡುಗಿ ಬಂದು ಫೋಟೋ ಕೇಳಿದಳು. ಆಕೆಯ ಹಿಂದೆ ಆಕೆಯ ಅಪ್ಪ, ಅವ್ವ, ಅಜ್ಜಿ. ಆಮೇಲೆ ಸಾಲೇ ಹತ್ತಿತು. ಹಡಗಿನವರೇ ಫೋಟೋಕ್ಕೆಂದು ಒಬ್ಬ ನವಾಬನನ್ನು ಇಟ್ಟಿದ್ದಾರೆ ಎಂದು ಮಂದಿ ತಿಳಿದರು. ಮಾಸ್ತರು ಹಾಲಿನ ಆ ತುದಿಗೆ ಸರಿದರು, ಸಾಲೂ ಅವರ ಹಿಂದೆ ಸರಿಯಿತು. ಕಂಪನಿಯವರು ಗೊತ್ತುಮಾಡಿದ್ದ ಫೋಟೋದವನೂ ಅಲ್ಲಿಗೇ ಹೋದ. ನಾನು ಈ ತುದಿಯಲ್ಲಿ, ಉಪ್ಪಿಲ್ಲದ ಸೂಪಿಗೆ ಚೀಲದಿಂದ ಶೇಂಗಾ ಹಿಂಡಿ, ಅಂದರೆ ನಮ್ಮ ಚಟ್ನಿಪುಡಿ, ತೆಗೆದು ಉದುರಿಸಿಕೊಂಡು ಕೂತಿದ್ದೆ.

ಆಗ ನನ್ನ ಹೆಸರು ಕೂಗಿದರು. ಸೆರಗು ಹೊದ್ದು ಒಬ್ಬಳೇ ನಡೆದೆ. ಕ್ಯಾಪ್ಟನ್ ನನ್ನ ಆಜೂಬಾಜೂ ಯಾರನ್ನೂ ಹುಡುಕಲಿಲ್ಲ. ನಕ್ಕರು, ಕೈ ಕುಲುಕಿದರು, ಫಲಕವನ್ನು ನನ್ನ ಈ ಎರಡು ಕೈಗಳಲ್ಲಿ ಇಟ್ಟರು. ನವಾಬನಿಗೂ ಈ ಗಿಡ್ಡ ಹೆಂಗಸಿಗೂ ಸಂಬಂಧವಿದೆ ಎಂದು ಯಾರಿಗೆ ಹೊಳೆಯಬೇಕು? ನನ್ನ ಹಂಚಿಕೆ ನಾನು ಎಣಿಸದ ದಾರಿಯಿಂದ ಗೆದ್ದಿತ್ತು. ಚಪ್ಪಾಳೆಯೂ ಬಿತ್ತು. ನಾನು ಫಲಕ ಎತ್ತಿ ಹಿಡಿದು ನೋಡಿದ್ದು ಮಾತ್ರ ಒಂದೇ ಮುಖಕ್ಕಾಗಿ. ಆ ಮುಖ ಆ ತುದಿಯಲ್ಲಿ ಯಾರದೋ ಅಜ್ಜಿಯ ಪಕ್ಕದಲ್ಲಿ ಫೋಟೋಕ್ಕೆ ನಗುತ್ತಿತ್ತು. ಕೇಳಿ, ಗೆದ್ದು ಇಷ್ಟು ಬೇಜಾರಾದದ್ದು ನನಗೆ ಅದೇ ಮೊದಲು. ತೋರಿಸಬೇಕಾದವರೇ ನೋಡದ ಫಲಕ ಕೈಯಲ್ಲಿ ಕಲ್ಲಿನಷ್ಟು ಭಾರವಾಯಿತು.

ಮಾಸ್ತರು ಬೆವರು ಒರೆಸಿಕೊಳ್ಳುತ್ತ ಬಂದರು. "ಕೊಟ್ಟೇಬಿಟ್ರೇನು? ನಾ ನೋಡ್ಲೇ ಇಲ್ಲಲ್ಲ!" ಅವರ ಮೀಸೆ ಜೋತುಬಿತ್ತು. "ಎಲ್ಲಿ ಹೋಗಿದ್ರಿ ಮತ್ತ?" ಎಂದು ಗದರಿದೆ.

"ನಿನ್ನ ಬಾಜೂಕ ನಿಂತ್ರ ಮತ್ತ ನನ್ನ ಕೈಗೇ ಕೊಡ್ತಾರಂತ ಬೇಕಂತನ ಆ ಕಡಿ ಹೋದೆ. ದೂರ ನಿಂತು ಜೋರ್ ಚಪ್ಪಾಳಿ ಹೊಡೀಬೇಕಂತ ಮಾಡಿದ್ದೆ. ಆ ಮಂದಿ ಬಿಡ್ಲೇ ಇಲ್ಲ ನೋಡು."

ಸೀದಾ ಕಂಪನಿಯ ಮ್ಯಾನೇಜರರ ಬಳಿ ಹೋಗಿ, "ಇನ್ನೊಮ್ಮೆ ಕೊಡಿಸ್ರಿ, ನಮ್ಮ ಮನಿಯವರು ನೋಡಿಲ್ಲ, ಫೋಟೋನೂ ಬಿದ್ದಿಲ್ಲ" ಅಂದೆ. ಕ್ಯಾಪ್ಟನ್ ಆಗಲೇ ಹಡಗು ನೋಡಿಕೊಳ್ಳಲು ಹೋಗಿದ್ದರು, ಅದೂ ಯಾರಾದರೂ ಮಾಡಬೇಕಲ್ಲ. ಕೊಡುವವರು ಯಾರು ಎಂದು ಮ್ಯಾನೇಜರು ತಲೆ ತುರಿಸಿಕೊಂಡರು. ಫೋಟೋದವನು ತಡಮಾಡಲಿಲ್ಲ. "ನವಾಬ್ ಸಾಹೇಬ್ರು ಇದ್ದಾರಲ್ಲ ಸರ್!" ಅಂದವನೇ ನನ್ನ ಕೈಯಿಂದ ಫಲಕ ಕಿತ್ತು ಮಾಸ್ತರ ಕೈಗಿಟ್ಟ. "ಕೊಡಿ ಸಾಹೇಬ್ರೆ. ಅಮ್ಮಾ, ಸ್ವಲ್ಪ ಬಾಗಿ ತಗೊಳ್ಳಿ." ಬಾಗಿದೆ. ಬೆಳಕು ಫಳ್ ಎಂದಿತು.

ಆ ಫೋಟೋ ಈಗ ಚೌಕಟ್ಟು ಕಟ್ಟಿಸಿಕೊಂಡು ಅಂಗಡಿಯ ಗೋಡೆಯ ಮೇಲಿದೆ. ಮೊನ್ನೆ ಕೆಂಭಾವಿ ಕಡೆಯ ರೈತನೊಬ್ಬ ಬೀಜ ಒಯ್ಯಲು ಮೊದಲ ಸಲ ಬಂದವನು ಅದನ್ನು ಕಣ್ಣರಳಿಸಿ ನೋಡಿದ. "ಅಕ್ಕಾ, ಇವರು ಯಾವ ಸಂಸ್ಥಾನದ ದೊರಿಗಳ್ರಿ? ಮಾರಿ ಮ್ಯಾಲೆ ಏನ್ ಕಳಾ ಅದ! ಇಂಥವರ ಕೈಲೆ ಇನಾಮು ತಗೋಬೇಕಂದ್ರ ಪುಣ್ಯಾ ಮಾಡಿರಬೇಕ್ರಿ." ಮಾಸ್ತರು ಅದೇ ಫೋಟೋದ ಕೆಳಗೆ, ಹರಿದ ಬನಿಯನ್ನಿನ ಮೇಲೆ, ಗೊಬ್ಬರದ ಚೀಲಕ್ಕೆ ಒರಗಿ ಮಕ್ಕಳ ಉತ್ತರಪತ್ರಿಕೆ ತಿದ್ದುತ್ತಿದ್ದರು. ರೈತ ಅವರತ್ತ ತಿರುಗಿ, "ಏ ಅಣ್ಣಾ, ಈ ಚೀಲಾ ಒಂಚೂರು ಗಾಡಿಗೆ ಎತ್ತಿ ಕೊಡಪಾ" ಅಂದ. ಮಾಸ್ತರು ಪೆನ್ನು ಕಿವಿಗೆ ಸಿಕ್ಕಿಸಿಕೊಂಡು ಎತ್ತಿ ಕೊಟ್ಟರು. ಗಾಡಿ ಓಣಿ ದಾಟಿದ ಮೇಲೆ ಒಳಗೆ ಬಂದು, ಗೋಡೆಯತ್ತ ಒಮ್ಮೆ ನೋಡಿ, ನನ್ನತ್ತ ಒಮ್ಮೆ ನೋಡಿ, ಮೀಸೆ ತಿರುವಿದರು.

"ಇನಾಮು ಕೊಟ್ಟವರಿಗೆ ಒಂದು ಕಪ್ ಚಾ ಆದ್ರೂ ಸಿಗ್ತದೇನು?"

ಇಷ್ಟು ವರ್ಷ ಯಾರ ಕೈ ಹಾಯಬಾರದು ಎಂದು ನಾನು ಜೀವ ತೇಯ್ದೆನೋ, ಅದೇ ಕೈಯಿಂದ ಬಾಗಿ ಇಸಿದುಕೊಂಡದ್ದಕ್ಕೆ ಗೋಡೆಯ ಮೇಲೆ ನಾನೇ ಮೊಳೆ ಹೊಡೆದು ಸಾಕ್ಷಿ ತೂಗುಹಾಕಿದ್ದೇನೆ. ಎದ್ದು ಚಹಾ ಇಟ್ಟೆ. ಮತ್ತೇನು ಮಾಡಲಿ, ದೊರೆಗಳ ಮಾತು.