ತಾತನ ಸ್ಕೋರೂ ನನ್ನ ಹದಿನೇಳನೇ ಸ್ಟೇಜೂ

ಕೆಲವರ ಹೆಗಲಿಗೆ ಶನಿ ಏರುತ್ತಾನಂತೆ. ನನ್ನ ಹೆಗಲೇರಿರುವುದು ಹಳೇ ವಿಡಿಯೋ ಗೇಮು. ಮೈಸೂರಿನಲ್ಲಿ ಎಂಟನೇ ಕ್ಲಾಸಿನಲ್ಲಿದ್ದಾಗ ಏರಿದ್ದು, ಕೆಲಸದ ಮೇಲೆ ಟೋಕಿಯೋಗೆ ಬಂದು ಓಜಿಮಾ ಬಡಾವಣೆಯ ಒಂಬತ್ತನೇ ಮಹಡಿ ಹತ್ತಿದರೂ ಇಳಿದಿಲ್ಲ. ನಾನು ಸುಮ್ಮನಿದ್ದರೂ ಅದು ಸುಮ್ಮನಿರುವುದಿಲ್ಲ. ಆಗಾಗ ನಾಲ್ಕು ಜನರ ಮುಂದೆ ನನ್ನ ಮರ್ಯಾದೆ ಕಳೆಯದಿದ್ದರೆ ಅದಕ್ಕೆ ನಿದ್ದೆ ಬರುವುದಿಲ್ಲ.

ಊದುವ ವಿದ್ಯೆ

ನಾವು ಹುಡುಗರಾಗಿದ್ದಾಗ ಬೇಸಿಗೆ ರಜಕ್ಕೆ ಇಡೀ ಬೀದಿಗೆ ಒಂದೇ ವಿಡಿಯೋ ಗೇಮು. ಹಳದಿ ಕ್ಯಾಸೆಟ್ಟಿನ ಮೇಲೆ ಒಂಬತ್ತು ಲಕ್ಷ ಚಿಲ್ಲರೆ ಆಟಗಳಿವೆ ಎಂದು ಬರೆದಿರುತ್ತಿತ್ತು. ಒಳಗೆ ಇರುತ್ತಿದ್ದದ್ದು ನಾಲ್ಕು. ಟೀವಿ ಇದ್ದ ಮನೆಯ ಅಜ್ಜಿ “ಪಿಕ್ಚರ್ ಟ್ಯೂಬ್ ಸುಟ್ಟುಹೋಗತ್ತೆ ಕಣ್ರೋ” ಎಂದು ದಿನಕ್ಕೆ ಹತ್ತು ಸಲ ಹೇಳುತ್ತಿದ್ದರು, ಆಮೇಲೆ ಅವರೇ ಬಂದು ನಮ್ಮ ಹಿಂದೆ ಕೂತು ನೋಡುತ್ತಿದ್ದರು. ಆಟ ಶುರುವಾಗದಿದ್ದರೆ ಕ್ಯಾಸೆಟ್ ಕೀಳುವುದು, ಬಾಯಿಗಿಟ್ಟು ಫೂ ಎಂದು ಊದುವುದು, ಮತ್ತೆ ಸಿಕ್ಕಿಸುವುದು. ಆ ದಿನಗಳನ್ನು ನೆನೆದರೆ ಈಗಲೂ ಬಾಯಿಗೆ ಆ ಪ್ಲಾಸ್ಟಿಕ್ಕಿನ ರುಚಿ ಬರುತ್ತದೆ.

ಹೋದ ಬೇಸಿಗೆಯಲ್ಲಿ ಆಫೀಸಿನಲ್ಲಿ ಒಂದು ದೊಡ್ಡ ಮೀಟಿಂಗು. ಸೂಟು ತೊಟ್ಟ ಆರು ಜನ ಕ್ಲೈಂಟುಗಳು. ನನ್ನ ಲ್ಯಾಪ್‌ಟಾಪಿನ ಚಿತ್ರ ಪರದೆಯ ಮೇಲೆ ಬರಲೊಲ್ಲದು. ಕೈಗೆ ಬುದ್ಧಿ ಎಲ್ಲಿರುತ್ತದೆ? ಅಡಾಪ್ಟರ್ ಕಿತ್ತೆ, ಬಾಯಿಗಿಟ್ಟೆ, ಊದಿಯೇಬಿಟ್ಟೆ.

ಆರೂ ಸೂಟುಗಳು ನನ್ನತ್ತ ತಿರುಗಿದವು. ನಮ್ಮ ಡಿಪಾರ್ಟ್‌ಮೆಂಟಿನ ಮುಖ್ಯಸ್ಥರನ್ನು ನಾವು ಬುಚೋ ಅನ್ನುತ್ತೇವೆ. ಐವತ್ತೈದು ದಾಟಿದ ಮನುಷ್ಯ, ಎರಡು ವರ್ಷದಲ್ಲಿ ನಾನು ಅವರ ಹಲ್ಲು ಕಂಡವನಲ್ಲ. ಅವರು ಎದ್ದು ನಿಧಾನವಾಗಿ ನನ್ನತ್ತ ಬಂದರು. ಬೆಂಗಳೂರಿನ ಟಿಕೆಟ್ಟು ಬುಕ್ಕಾಯಿತು ಅಂದುಕೊಂಡೆ. ಅವರು ನನ್ನ ಕೈಯಿಂದ ಅಡಾಪ್ಟರ್ ತೆಗೆದುಕೊಂಡು, “ಹಾಗಲ್ಲ” ಎಂದು ಹೇಳಿ, ಬಲದಿಂದ ಎಡಕ್ಕೆ ಮೌತ್ ಆರ್ಗನ್ ನುಡಿಸುವ ಹಾಗೆ ಊದಿ ಸಿಕ್ಕಿಸಿದರು. ಚಿತ್ರ ಬಂತು!

ಕ್ಲೈಂಟುಗಳಲ್ಲಿ ಎಲ್ಲರಿಗಿಂತ ಹಿರಿಯರಾದವರು ಕನ್ನಡಕ ತೆಗೆದು ಒರೆಸಿಕೊಂಡು ಗಂಭೀರವಾಗಿ ಹೇಳಿದರು: “ನಮ್ಮ ಬೀದಿಯಲ್ಲಿ ಎರಡು ಸಲ ಊದುತ್ತಿದ್ದೆವು.”

ಎಡಕ್ಕೆ

ಆ ದಿನದಿಂದ ಬುಚೋ ನನ್ನ ಗೆಳೆಯರಾದರು. ಒಂದು ಶನಿವಾರ ಹಳೇ ಆಟಗಳ ಗೇಮ್ ಸೆಂಟರಿಗೆ ಕರೆದೊಯ್ದರು. ಅಲ್ಲಿ ಟೋಪಿ ಹಾಕಿದ ಮುದುಕರೊಬ್ಬರು ಬಾಹ್ಯಾಕಾಶದ ಹಡಗು ಓಡಿಸುತ್ತಾ ಕೂತಿದ್ದರು. ಹಿಂದೆ ನಿಂತವರು ಯಾರೂ ಪಿಟಕ್ಕೆನ್ನುತ್ತಿರಲಿಲ್ಲ. ನಮ್ಮಲ್ಲಿ ಆಡುವವನೊಬ್ಬ, ಆಡಿಸುವವರು ಒಂಬತ್ತು ಜನ. ನಾನೂ ತಡೆದುಕೊಂಡೆ. ಆದರೆ ಒಂದು ಗುಂಡು ನೇರವಾಗಿ ಅವರ ಹಡಗಿಗೇ ಬರುತ್ತಿದ್ದಾಗ ತಡೆಯಲಾಗಲಿಲ್ಲ.

“ಎಡಕ್ಕೆ! ಎಡಕ್ಕೆ ಸಾರ್, ಎಡಕ್ಕೆ!”

ಅಪ್ಪಟ ಕನ್ನಡ. ಮುದುಕರು ಬೆಚ್ಚಿಬಿದ್ದರು, ಬಿದ್ದ ರಭಸಕ್ಕೆ ಕೋಲು ಎಡಕ್ಕೆ ವಾಲಿ ಹಡಗು ಉಳಿಯಿತು. ಅವರು ತಿರುಗಿ ನನಗೆ ತಲೆಬಾಗಿ “ಅರಿಗಾತೋ” ಎಂದರು. ಆಮೇಲಿನ ಹತ್ತು ನಿಮಿಷ ಪ್ರತಿ ಗುಂಡಿಗೂ ಒಮ್ಮೆ ನನ್ನ ಮುಖ ನೋಡುವುದೇ ಆಯಿತು. ಹಾಗೆ ನೋಡುತ್ತಿದ್ದಾಗಲೇ ಕೊನೆಯ ಹಡಗೂ ಸಿಡಿಯಿತು. ಎದ್ದು ನಿಂತು, ಸೊಂಟ ಬಗ್ಗಿಸಿ, “ಸುಮಿಮಾಸೆನ್, ನಿಮ್ಮ ಮಾತು ಉಳಿಸಲಾಗಲಿಲ್ಲ” ಎಂದು ನನ್ನಲ್ಲೇ ಕ್ಷಮೆ ಕೇಳಿ ಹೋದರು.

ಹದಿನೇಳನೇ ಸ್ಟೇಜು

ಅದೇ ಜೋರಿನಲ್ಲಿ ಸೆಕೆಂಡ್ ಹ್ಯಾಂಡ್ ಅಂಗಡಿಯಿಂದ ಹಳೇ ಗೇಮ್ ಸೆಟ್ಟೊಂದನ್ನೂ ಒಂದು ಟ್ಯಾಂಕಿನ ಆಟವನ್ನೂ ಮನೆಗೆ ತಂದೆ. ಇಲ್ಲೇ ಹುಟ್ಟಿದ ಎಂಟು ವರ್ಷದ ಮಗಳು ಪರದೆಯ ಮೇಲಿನ ದಪ್ಪದಪ್ಪ ಚೌಕಗಳನ್ನು ತುಂಬ ಹೊತ್ತು ತಾಳ್ಮೆಯಿಂದ ನೋಡಿದಳು. “Appa, let's wait. ಪೂರ್ತಿ download ಆಗ್ಲಿ.”

“ಆಗಿದೆ ಕಣೇ. ಇದು ಇರೋದೇ ಹೀಗೆ.”

“ಎಏಏ?” ಎಂದು ಜಪಾನೀಯರಂತೆ ರಾಗ ಎಳೆದು, ಪಾಪ ಅಪ್ಪ ಎನ್ನುವ ಮುಖ ಮಾಡಿ ಎದ್ದು ಹೋದಳು.

ಹೆಂಡತಿ ನಮ್ಮ ಕಡೆ ನೋಡಲೂ ಇಲ್ಲ. ಮದುವೆಗೆ ಮುಂಚೆ ಅವಳು ಗಣಿತದ ಟೀಚರು. ಅಂಕಿ ಏಳಕ್ಕೆ ಸೊಂಟದಲ್ಲಿ ಗೆರೆ ಎಳೆಯದ ಮಕ್ಕಳಿಗೆ ಅರ್ಧ ಮಾರ್ಕು ಕತ್ತರಿಸುತ್ತಿದ್ದವಳು. ಅವಳ ಕಣ್ಣಿಗೆ ಇದೆಲ್ಲ ಕೆಲಸವಿಲ್ಲದ ಬಡಗಿಯ ಕೆಲಸ.

ಈ ಆಟದಲ್ಲಿ ಸ್ಟೇಜು ದಾಟಿದರೆ ಎಂಟಂಕಿಯ ಪಾಸ್‌ವರ್ಡ್ ಕೊಡುತ್ತದೆ. ಅದನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡರೆ ಮರುದಿನ ಅಲ್ಲಿಂದಲೇ ಶುರುಮಾಡಬಹುದು. ಚೀಟಿ ಫ್ರಿಜ್ಜಿನ ಬಾಗಿಲ ಮೇಲಿರುತ್ತಿತ್ತು. ಹದಿನಾರರವರೆಗೆ ಸರಾಗವಾಗಿ ಹೋದೆ. ಹದಿನೇಳನೇ ಸ್ಟೇಜು ಮಾತ್ರ ಐದು ವಾರ ನನ್ನ ರಕ್ತ ಹೀರಿತು. ಊಟ ಸೇರುತ್ತಿರಲಿಲ್ಲ. ಹೋಮ್‌ವರ್ಕ್ ತೋರಿಸಲು ಬಂದ ಮಗಳ ಮೇಲೆ ರೇಗಿದೆ.

ಒಂದು ಶನಿವಾರ ಮಧ್ಯಾಹ್ನ ಬಿಸಿಬೇಳೆಬಾತ್ ಜಡಿದು, ಆಡುತ್ತಾ ಆಡುತ್ತಾ ಕಂಟ್ರೋಲರ್ ಹಿಡಿದೇ ತೂಕಡಿಸಿದೆ. ಎಚ್ಚರವಾದಾಗ ಪರದೆಯ ಮೇಲೆ ಹದಿನೆಂಟು! ಫ್ರಿಜ್ಜಿನ ಮೇಲೆ ಹೊಸ ಚೀಟಿಯೂ ಇತ್ತು. ನಿದ್ದೆಗಣ್ಣಿನಲ್ಲಿ ನಾನೇ ಗೆದ್ದು, ನಾನೇ ಬರೆದು ಅಂಟಿಸಿದ್ದೆ. ಪ್ರತಿಭೆ ಅಂದರೆ ಇದೇ ಇರಬೇಕು.

ಸೋಮವಾರ ಬುಚೋಗೆ ಹೇಳಿದೆ, “ಬಲಗಡೆಯಿಂದ ನುಗ್ಗಿಬಿಟ್ಟೆ.” ಮಂಗಳವಾರ ಇಡೀ ಟೀಮಿಗೆ ಹೇಳುವಷ್ಟರಲ್ಲಿ ಮೂರು ಟ್ಯಾಂಕುಗಳು ನನ್ನನ್ನು ಮುತ್ತಿಕೊಂಡಿದ್ದವು. ಶುಕ್ರವಾರ ರಾತ್ರಿ ಅದನ್ನೆಲ್ಲ ಮನೆಯಲ್ಲಿ ವರದಿ ಮಾಡುವ ಹೊತ್ತಿಗೆ ಐದು.

ಆಯುಧಪೂಜೆ

ನಮ್ಮ ಕಟ್ಟಡದ ಹಿಂದಿನ ಗಲ್ಲಿಯಲ್ಲಿ ಎಂಬತ್ತರ ಹತ್ತಿರದ ಅಜ್ಜಿಯೊಬ್ಬರ ಪೆಪ್ಪರಮೆಂಟ್ ಅಂಗಡಿಯಿದೆ. ಒಳಗೆ, ಮೂಲೆಯಲ್ಲಿ, ಕಾಯಿನ್ ಹಾಕಿ ಬಾಹ್ಯಾಕಾಶದ ಹಡಗು ಓಡಿಸುವ ಒಂದು ಹಳೇ ಗೇಮ್ ಮಶೀನು. ಮಗಳು ಸ್ಕೂಲು ಬಿಟ್ಟ ಕೂಡಲೇ ಹೋಗುವುದು ಅಲ್ಲಿಗೇ.

ಆಯುಧಪೂಜೆಯ ದಿನ ನನ್ನ ಸೈಕಲ್ಲಿನ ಹ್ಯಾಂಡಲ್ ಮೇಲಿನ ಕುಂಕುಮ ನೋಡಿ ಅಜ್ಜಿ ಇದೇನೆಂದು ಕೇಳಿದರು. “ವರ್ಷವೆಲ್ಲ ದುಡಿಯುವ ಯಂತ್ರಗಳಿಗೆ ಒಂದು ದಿನ ಕೈ ಮುಗಿದು ರಜಾ ಕೊಡುತ್ತೇವೆ” ಎಂದೆ. ಅಜ್ಜಿಯ ಮುಖ ಅರಳಿತು. ಅವರಲ್ಲೂ ಮುರಿದ ಸೂಜಿಗಳನ್ನು ಮೆತ್ತನೆಯ ತೋಫುವಿನಲ್ಲಿ ಚುಚ್ಚಿಟ್ಟು ಕೈ ಮುಗಿಯುವ ದಿನವೊಂದಿದೆಯಂತೆ. “ನನ್ನ ಮಶೀನಿಗೂ ಪೂಜೆ ಮಾಡಿ” ಎಂದು ಹೇಳಿ ಟೀ ತರಲು ಒಳಗೆ ಹೋದರು.

ಮನೆಗೆ ಓಡಿ ಅರಿಸಿನ, ಕುಂಕುಮ, ಸೇವಂತಿಗೆ ಹೂವು, ನಿಂಬೆಹಣ್ಣು ತಂದೆ. ಮಶೀನನ್ನು ಒರೆಸಿ, ಬೊಟ್ಟಿಟ್ಟು, ಹೂವು ಮುಡಿಸಿದೆ. ರಜಾ ಅಂದಮೇಲೆ ರಜಾ. ಬಗ್ಗಿ ಭಕ್ತಿಯಿಂದ ಪ್ಲಗ್ಗನ್ನು ಕಿತ್ತೆ.

ಟ್ರೇ ಹಿಡಿದು ಬಂದ ಅಜ್ಜಿ ಕಪ್ಪಾದ ಪರದೆ ನೋಡಿ ನಿಂತುಬಿಟ್ಟರು. “ದಾಯ್‌ಜೋಬು, ದಾಯ್‌ಜೋಬು, ಪರವಾಗಿಲ್ಲ” ಎಂದರು. ಜಪಾನಿನಲ್ಲಿ ಇಷ್ಟು ವರ್ಷ ಇದ್ದವನಿಗೆ ಗೊತ್ತು, ಎರಡು ಸಲ ಪರವಾಗಿಲ್ಲ ಅಂದರೆ ಪರವಾಗಿದೆ ಎಂದೇ ಅರ್ಥ.

ಅಷ್ಟರಲ್ಲಿ ಮಗಳು ಬಂದು ಕಿರುಚಿದಳು. “Appa! ಓಜೀಚಾನ್ score ಹೋಯ್ತು! ಅದನ್ನ ಆಫ್ ಮಾಡೋ ಹಾಗೇ ಇಲ್ಲ!”

ಆಮೇಲೆ ಅವಳಿಂದಲೇ ವಿಷಯ ತಿಳಿಯಿತು. ಓಜೀಚಾನ್ ಅಂದರೆ ಅಜ್ಜಿಯ ಯಜಮಾನರು, ಆರು ವರ್ಷದ ಹಿಂದೆ ತೀರಿಕೊಂಡ ತಾತ. ಮಶೀನಿನ ಮೊದಲ ಸ್ಥಾನದಲ್ಲಿ ಅವರ ಹೆಸರಿನ ಮೂರಕ್ಷರ, ಎದುರಿಗೆ ಎಂಟು ಲಕ್ಷ ನಲವತ್ತು ಸಾವಿರ. ಕರೆಂಟು ತೆಗೆದರೆ ಎಲ್ಲ ಅಳಿಸಿಹೋಗುತ್ತದೆಂದು ಅಜ್ಜಿ ಅದನ್ನು ಒಂದು ದಿನವೂ ಆರಿಸಿರಲಿಲ್ಲ. ಅಂಗಡಿಯ ವೈರಿಂಗ್ ಬದಲಿಸುವಾಗಲೂ ಎಲೆಕ್ಟ್ರಿಶಿಯನ್ ಕೈಯಲ್ಲಿ ಬ್ಯಾಟರಿ ಹೊರಿಸಿ ತರಿಸಿದ್ದರಂತೆ. ಬೆಳಿಗ್ಗೆ ಬಾಗಿಲು ತೆಗೆದು ಮೊದಲು ಆ ಮೂರಕ್ಷರಕ್ಕೆ “ಒಹಾಯೋ” ಹೇಳಿಯೇ ಮಿಕ್ಕ ಕೆಲಸ. ನಾನು ಆರಿಸಿದ್ದು ಮಶೀನನ್ನಲ್ಲ, ಆ ಮನೆಯ ದೀಪವನ್ನು.

“ನಾನು ಅದೇ ಸ್ಕೋರ್ ಮಾಡಿ ಅವರ ಹೆಸರು ವಾಪಸ್ ತರ್ತೀನಿ” ಎಂದು ಅಜ್ಜಿಯ ಮುಂದೆ ಮಾತು ಕೊಟ್ಟೆ.

“ಅಪ್ಪನ best ನಲವತ್ತು ಸಾವಿರ” ಎಂದು ಮಗಳು ಅಜ್ಜಿಗೆ ಜಪಾನೀಸಿನಲ್ಲಿ ತಿಳಿಸಿದಳು.

ಒಂದೇ ಕಾಯಿನ್ನು

ಹತ್ತು ದಿನ, ಆಫೀಸು ಬಿಟ್ಟ ಕೂಡಲೇ ನಾನೂ ಬುಚೋನೂ ಆ ಅಂಗಡಿಯಲ್ಲಿ. ಮಕ್ಕಳು ಕೂರುವ ಸ್ಟೂಲಿನ ಮೇಲೆ ಸೂಟಿನಲ್ಲಿ ಕೂತು, ಹಣೆಗೆ ಕರ್ಚೀಫ್ ಕಟ್ಟಿಕೊಂಡು ಬುಚೋ ಎರಡು ಲಕ್ಷ ಮುಟ್ಟಿದರು. ನಾನು ಎಪ್ಪತ್ತು ಸಾವಿರ. ಅಜ್ಜಿ ಬಾರ್ಲಿ ಟೀ ಕೊಟ್ಟು ಹಿಂದೆ ನಿಲ್ಲುತ್ತಿದ್ದರು. ನಮ್ಮ ಹಡಗು ಸಿಡಿದಾಗೆಲ್ಲ, ಅಪಸ್ವರ ಕೇಳಿದ ಸಂಗೀತದ ಮೇಷ್ಟರ ಹಾಗೆ ಅವರ ಮುಖ ಹಿಂಡಿದಂತಾಗುತ್ತಿತ್ತು. ಅದು ದುಃಖವೆಂದೇ ತಿಳಿದು ನಾನು ಮತ್ತಷ್ಟು ಕುಗ್ಗಿದೆ.

ಹನ್ನೊಂದನೇ ದಿನ ಅಜ್ಜಿಗೆ ತಡೆಯಲಾಗಲಿಲ್ಲ. “ಸುಮಿಮಾಸೆನ್, ಸ್ವಲ್ಪ ಸರಿಯುತ್ತೀರಾ?” ಏಪ್ರನ್ನಿಗೆ ಕೈ ಒರೆಸಿಕೊಂಡು, ಒಂದು ಕಾಯಿನ್ ಹಾಕಿ, ನಿಂತೇ ಶುರುಮಾಡಿದರು.

ಮುಕ್ಕಾಲು ಗಂಟೆ ಆಡಿದರು. ಮೂರು ಲಕ್ಷ, ಐದು ಲಕ್ಷ, ಎಂಟು ಲಕ್ಷ. ಬುಚೋ ಹಣೆಯ ಕರ್ಚೀಫ್ ಬಿಚ್ಚಿ ಕೈಯಲ್ಲಿ ಹಿಡಿದರು. ಸರಿಯಾಗಿ ಎಂಟು ಲಕ್ಷ ನಲವತ್ತು ಸಾವಿರಕ್ಕೆ ಅಜ್ಜಿ ಕೋಲಿನಿಂದ ಕೈ ತೆಗೆದು ನಿಂತುಬಿಟ್ಟರು. ಉಳಿದಿದ್ದ ಮೂರು ಹಡಗುಗಳೂ ಒಂದೊಂದಾಗಿ ಸಿಡಿದವು.

“ಯಾಕೆ ನಿಲ್ಲಿಸಿದಿರಿ? ಇನ್ನೂ ಆಡಬಹುದಿತ್ತಲ್ಲ!” ಎಂದೆ.

“ಜಾಸ್ತಿಯಾದರೆ ಅವರಿಗೆ ಅನುಮಾನ ಬರುತ್ತದೆ” ಎಂದು ಹೇಳಿ, ತಾತನ ಮೂರಕ್ಷರವನ್ನು ಒಂದೊಂದಾಗಿ ಒತ್ತಿ ಮೇಲೆ ಕೂರಿಸಿ, “ಒಕಾಯೆರಿ” ಎಂದರು. ಮನೆಗೆ ಬಂದವರಿಗೆ ಇಲ್ಲಿ ಹಾಗನ್ನುತ್ತಾರೆ. ಅವರ ಕಣ್ಣು ಒದ್ದೆಯಾಗಿತ್ತು, ನನ್ನದೂ.

ಟೀ ಕುಡಿಯುತ್ತಾ ಅಜ್ಜಿ ಗುಟ್ಟು ಬಿಚ್ಚಿದರು. ಎಷ್ಟೋ ವರ್ಷದ ಹಿಂದೆ ತಾತನ ದಾಖಲೆಯನ್ನು ಒಬ್ಬ ಸ್ಕೂಲು ಹುಡುಗ ಮುರಿದನಂತೆ. ತಾತ ಮೂರು ದಿನ ಸರಿಯಾಗಿ ಊಟ ಮಾಡಲಿಲ್ಲ, ಮಕ್ಕಳ ಮೇಲೆ ರೇಗಿದರು. ನಾಲ್ಕನೇ ದಿನ ಅವರು ಸ್ನಾನಕ್ಕೆ ಹೋದಾಗ ಅಜ್ಜಿ ಆಡಿ, ಗಂಡನ ಹೆಸರು ಬರೆದುಬಿಟ್ಟರು. ಅದಕ್ಕೂ ಮುಂಚೆ ಅಂಗಡಿ ಖಾಲಿಯಿದ್ದಾಗಲೆಲ್ಲ ಆಡಿ ಕೈ ಪಳಗಿತ್ತಂತೆ.

“ತಾತನಿಗೆ ಗೊತ್ತಾಗಲಿಲ್ಲವೇ?”

“ಹಿಂದಿನ ದಿನ ತಾನೇ ಆಡಿದ್ದು, ಸ್ಕೋರ್ ಸರಿಯಾಗಿ ನೋಡಿರಲಿಲ್ಲ ಅಂದುಕೊಂಡರು. ಆಮೇಲೆ ಹತ್ತು ವರ್ಷ ಬಂದವರಿಗೆಲ್ಲ ಹೇಗೆ ಗೆದ್ದೆ ಅಂತ ಕಥೆ ಹೇಳಿದರು. ಪ್ರತಿ ವರ್ಷ ಕಥೆಗೆ ಎರಡು ಶತ್ರು ಹಡಗು ಸೇರುತ್ತಿದ್ದವು. ಎಷ್ಟು ಚೆನ್ನಾಗಿ ಹೇಳುತ್ತಿದ್ದರು ಅಂದರೆ, ಕೊನೆಕೊನೆಗೆ ನಾನೂ ನಂಬಿಬಿಟ್ಟಿದ್ದೆ.”

ದಾರಿಯುದ್ದಕ್ಕೂ ನಕ್ಕೆ. ಮನೆಗೆ ಬಂದವನೇ ಹುರುಳಿಕಾಯಿ ಹೆಚ್ಚುತ್ತಿದ್ದ ಹೆಂಡತಿಗೆ ಎಲ್ಲ ಹೇಳಿದೆ. “ಎಂಥ ಪೆದ್ದು ತಾತ ನೋಡೇ! ಹತ್ತು ವರ್ಷ! ತಾನು ಆಡಿದ್ದೋ ಇಲ್ಲವೋ ಅನ್ನೋದೂ ಮನುಷ್ಯನಿಗೆ ಗೊತ್ತಾಗಲ್ವಾ?”

ಅವಳು ನಗಲಿಲ್ಲ. “ಪಾಪ” ಎಂದಳಷ್ಟೆ. “ಮೊಸರು ತೆಗೀರಿ.”

ಫ್ರಿಜ್ಜಿನ ಬಾಗಿಲಿಗೆ ಕೈ ಹಾಕಿದೆ. ನನ್ನ ಚೀಟಿ ಕಣ್ಣೆದುರಿಗೇ ಇತ್ತು. ಎಂಟು ಅಂಕಿ. ಅದರಲ್ಲಿ ಎರಡು ಏಳು. ಎರಡು ಏಳಕ್ಕೂ ಸೊಂಟದಲ್ಲಿ ಅಚ್ಚುಕಟ್ಟಾದ ಒಂದೊಂದು ಗೆರೆ.

ನಾನು ಜನ್ಮದಲ್ಲಿ ಏಳಕ್ಕೆ ಗೆರೆ ಎಳೆದವನಲ್ಲ.

ಮೊಸರಿನ ಡಬ್ಬಿ ತೆಗೆದು ಕಟ್ಟೆಯ ಮೇಲಿಟ್ಟೆ. ಅವಳು ತಲೆಯೆತ್ತದೆ, ಹುರುಳಿಕಾಯಿಯ ನಾರು ತೆಗೆಯುತ್ತಲೇ ಹೇಳಿದಳು:

“ಇನ್ನು ಮೇಲೆ ಆಫೀಸಲ್ಲಿ ಬಲಗಡೆಯಿಂದ ನುಗ್ಗಿದೆ ಅಂತ ಹೇಳ್ಬೇಡಿ ರೀ. ಬಲಗಡೆ ದಾರೀನೇ ಇಲ್ಲ. ಎಡಗಡೆ ಗೋಡೆ ಒಡೀಬೇಕು.”