ಮಾವನವರ ಪರ್ಸೆಂಟು

ಕೆಲವರು ಧಾರಾವಾಹಿ ನೋಡುತ್ತಾರೆ, ಕೆಲವರು ಕ್ರಿಕೆಟ್ ನೋಡುತ್ತಾರೆ. ನನ್ನ ಮಾವನವರು ನನ್ನ ಲ್ಯಾಪ್‌ಟಾಪಿನ ಕಪ್ಪು ಪರದೆ ನೋಡುತ್ತಾರೆ! ಅದೂ ಹೇಗೆ? ಮೈಯೆಲ್ಲ ಬಿಗಿಹಿಡಿದು, ಬಾಯಿಗೆ ಹಾಕಿಕೊಂಡ ಅಡಿಕೆಯನ್ನೂ ಜಗಿಯದೆ!

ನಾನು ಗುಬ್ಬಿಯ ಮನೆಯಲ್ಲೇ ಕೂತು ಒಂದು ಸಾಫ್ಟ್‌ವೇರ್ ಕಂಪನಿಗೆ ಕೆಲಸ ಮಾಡುವವಳು. ಹತ್ತಾರು ಜನ ಬರೆದ ಫೈಲುಗಳನ್ನೆಲ್ಲ ಒಟ್ಟುಗೂಡಿಸಿ ಒಂದೇ ತಂತ್ರಾಂಶವಾಗಿ ಕಟ್ಟುವುದಕ್ಕೆ ನಮ್ಮಲ್ಲಿ ಬಿಲ್ಡ್ ಎನ್ನುತ್ತಾರೆ. ಕಪ್ಪು ಪರದೆಯಲ್ಲಿ ಒಂದು ಸಾಲು ಆಜ್ಞೆ ಟೈಪಿಸಿ ಎಂಟರ್ ಒತ್ತಿದರೆ ಬಿಳಿ ಅಕ್ಷರಗಳು ಸರಸರನೆ ಮೇಲೇರುತ್ತವೆ. ಪ್ರತಿ ಸಾಲಿನ ತಲೆಯಲ್ಲಿ, ಕೆಲಸ ಎಷ್ಟು ಪರ್ಸೆಂಟ್ ಮುಗಿಯಿತೆಂಬ ಅಂಕಿ. ಪೂರ್ತಿಯಾಗಲು ಗಂಟೆಗಟ್ಟಲೆ ಬೇಕು. ಬಸ್ ನಿಲ್ದಾಣದಲ್ಲಿ ಟ್ರಾಫಿಕ್ ಕಂಟ್ರೋಲರ್ ಆಗಿದ್ದು ನಿವೃತ್ತರಾದ ಮಾವನವರಿಗೆ ಇದಕ್ಕಿಂತ ಒಳ್ಳೆಯ ಕೆಲಸ ಸಿಗುವುದುಂಟೆ?

"ನೀನು ಹೋಗಿ ಕಾಫಿ ಕುಡಿಯಮ್ಮ, ನಾನ್ ನೋಡ್ಕೊತೀನಿ" ಎಂದು ಒಂದು ದಿನ ಕುರ್ಚಿ ಎಳೆದುಕೊಂಡವರು ಆಮೇಲೆ ಅದನ್ನು ಬಿಟ್ಟುಕೊಡಲೇ ಇಲ್ಲ. ಅಡುಗೆಮನೆಯವರೆಗೂ ಪ್ರಕಟಣೆ ಬರತೊಡಗಿತು. "ನಲವತ್ತು ದಾಟ್ತು! ಹಳದಿ ಬಂದೈತೆ, ಗಾಬರಿ ಬೇಡ, ಬರೀ ವಾರ್ನಿಂಗು!"

ಬಿಲ್ಡ್ ನಡೆಯುವಾಗ ಮನೆಯಲ್ಲಿ ಮಿಕ್ಸಿ ಹಾಕುವಂತಿಲ್ಲ. ಕರೆಂಟ್ ಹೋದರೆ ಎಂಬ ಭಯ ಮಾವನವರಿಗೆ. ಕೋಪದಲ್ಲಿ ಅತ್ತೆ ಬಾಗಿಲಲ್ಲಿ ನಿಂತು, "ನಿಮ್ಮ ಪರ್ಸೆಂಟು ಬೆಂದ್ಮೇಲೆ ಹೇಳಿ, ಚಟ್ನಿ ರುಬ್ಬಿ ದೋಸೆ ಹಾಕ್ತೀನಿ" ಎನ್ನುವರು. ತೊಂಬತ್ತೊಂಬತ್ತಕ್ಕೆ ಬಂದು ಅಂಕಿ ನಿಂತುಬಿಟ್ಟರಂತೂ ಮಾವನವರೂ ಎದ್ದು ನಿಲ್ಲುವರು. "ಊರು ಬಂತೂಂತ ಎಲ್ರೂ ಬ್ಯಾಗ್ ಹಿಡ್ಕಂಡು ಎದ್ದವ್ರೆ, ರೈಲ್ವೆ ಗೇಟ್ ಹಾಕ್ಬುಟ್ಟವ್ನೆ ನೋಡು!"

ಒಮ್ಮೆ ಚೇಳೂರಿನಿಂದ ಅವರ ಸೋದರಮಾವನ ಮಗ ಬಂದ. ಅದೇ ಹೊತ್ತಿಗೆ ಪರದೆಯ ಮೇಲೆ ಕೆಂಪು ಅಕ್ಷರ ಮೂಡಿ ಬಿಲ್ಡ್ ನಿಂತಿತು. ಬೇಕಾದ ಲೈಬ್ರರಿ ಸಿಗಲಿಲ್ಲವಂತೆ. ಲೈಬ್ರರಿ ಎಂದರೆ ಇನ್ಯಾರೋ ಬರೆದಿಟ್ಟ ಪ್ರೋಗ್ರಾಮುಗಳ ಒಂದು ಕಟ್ಟು. ಮಾವ ತಲೆಯ ಮೇಲೆ ಕೈ ಹೊತ್ತು ಕೂತರು. ಬಂದವನು ಅದನ್ನು ಕಂಡು ಚಪ್ಪಲಿ ಬಿಟ್ಟು ಮೆಲ್ಲಗೆ ಒಳಗೆ ಬಂದ.

"ಯಾರಣ್ಣ ಹೋಗಿದ್ದು?"

"ಲೈಬ್ರರಿ ಕಣೋ. ಎಲ್ಲಿ ಹುಡುಕಿದ್ರೂ ಇಲ್ವಂತೆ."

"ಗುಬ್ಬಿ ಲೈಬ್ರರಿನಾ? ಈಗ ಅದರ ಮುಂದಿಂದ್ಲೇ ಬಂದ್ನಲ್ಲ!"

ನಗುತ್ತ ಬರೆಯುತ್ತಿದ್ದೇನೆ. ಆದರೆ ಮೊನ್ನೆ ಬೆಳಿಗ್ಗೆ ನಮ್ಮ ಮನೆಯಲ್ಲಿ ಯಾರೂ ನಗುವ ಸ್ಥಿತಿಯಲ್ಲಿರಲಿಲ್ಲ. ಅಂದೇ ಗ್ರಾಹಕರಿಗೆ ಒಪ್ಪಿಸಬೇಕಾಗಿದ್ದ ಬಿಲ್ಡನ್ನು ನಾನು ಆಗಷ್ಟೇ ಶುರುಮಾಡಿದ್ದೆ. ಹಿತ್ತಲಿನಲ್ಲಿ ಪಾತ್ರೆ ಬಿದ್ದ ಸದ್ದಾಯಿತು. ಓಡಿ ಹೋಗಿ ನೋಡಿದರೆ ಅತ್ತೆ ಹೊಟ್ಟೆ ಹಿಡಿದುಕೊಂಡು ಕುಸಿದಿದ್ದರು.

ಪಕ್ಕದ ಮನೆಯವರ ಕಾರಿನಲ್ಲಿ ತುಮಕೂರಿಗೆ ಹೊರಟೆವು. ಕುಣಿಗಲ್ಲಿನ ಶಾಲೆಯಲ್ಲಿ ಮೇಷ್ಟ್ರಾಗಿರುವ ನನ್ನ ಗಂಡ, ಫೋನ್ ಮಾಡಿದ ಕೂಡಲೇ ಬಸ್ ಹತ್ತಿದರು. ಆಸ್ಪತ್ರೆಯಲ್ಲಿ ಡಾಕ್ಟರು, ಪಿತ್ತಕೋಶ ಊದಿ ಕೀವು ತುಂಬಿದೆ, ಈಗಲೇ ಆಪರೇಷನ್ ಆಗಬೇಕು, ವಯಸ್ಸಾಗಿದೆ, ಏನೂ ಹೇಳುವ ಹಾಗಿಲ್ಲ ಎಂದರು. ಅತ್ತೆಯನ್ನು ಒಳಗೆ ಕರೆದೊಯ್ದರು. ಬಾಗಿಲು ಮುಚ್ಚಿತು.

ಹೊರಗಿನ ಬೆಂಚಿನ ಮೇಲೆ ನಾವಿಬ್ಬರೇ. ಮಾವ ಆ ಬಾಗಿಲನ್ನೇ ದಿಟ್ಟಿಸುತ್ತ, ಉಸಿರಾಡುತ್ತಿದ್ದಾರೋ ಇಲ್ಲವೋ ತಿಳಿಯದಂತೆ ಕೂತಿದ್ದರು. ಅವರಿಗೂ ಏನಾದರೂ ಆದೀತೆಂಬ ಇನ್ನೊಂದು ಭಯ ನನಗೆ ಹತ್ತಿತು. ಅವರ ಮನಸ್ಸು ಬೇರೆ ಕಡೆ ತಿರುಗಲೆಂದು, ಹೊರಡುವಾಗ ಹೆಗಲಿಗೇರಿಸಿಕೊಂಡಿದ್ದ ಬ್ಯಾಗಿನಿಂದ ಲ್ಯಾಪ್‌ಟಾಪ್ ತೆಗೆದೆ. ಬಿಲ್ಡ್ ನಡೆಯುವುದು ಕಂಪನಿಯ ಯಂತ್ರದಲ್ಲಿ, ನಮಗೆ ಕಾಣುವುದು ಅದರ ಓಟ ಮಾತ್ರ.

"ನೋಡಿ ಮಾವ, ಅರವತ್ತು ದಾಟಿದೆ."

ಅವರು ಪರದೆ ನೋಡಿದರು. ಮತ್ತೆ ಬಾಗಿಲು ನೋಡಿದರು.

"ಆ ಬಾಗ್ಲಿಗೂ ಇಂಥದ್ದೊಂದು ಹಾಕ್ಬಾರ್ದೇನಮ್ಮ? ಎಷ್ಟಾಯ್ತು, ಎಲ್ಲಿ ನಿಂತೈತೆ ಅಂತಾದ್ರೂ ಗೊತ್ತಾಗೋದು."

ಅಷ್ಟರಲ್ಲಿ ಬಾಗಿಲು ತೆರೆದು ನರ್ಸ್ ಓಡುತ್ತ ಹೊರಬಂದಳು. ಮಾವ ಎದ್ದು, "ಏನಾಯ್ತಮ್ಮ?" ಎಂದರು. "ರಕ್ತ ಬೇಕು, ದಾರಿ ಬಿಡಿ" ಎನ್ನುತ್ತ ಅವಳು ಮೆಟ್ಟಿಲಿಳಿದಳು. ಎರಡು ಚೀಲ ಹಿಡಿದು ಮತ್ತೆ ಒಳಗೆ ಓಡಿದಳು. ಮಾವನವರ ಕೈಯನ್ನು ಹಿಡಿದುಕೊಂಡೆ.

"ಕೆಂಪು ಬಂತಮ್ಮ," ಎಂದರು ಮಾವ ಮೆಲ್ಲಗೆ.

ತೊಡೆಯ ಮೇಲಿನ ಪರದೆ ನೋಡಿದೆ. ಹೌದು, ಬಿಲ್ಡ್ ಕೆಟ್ಟು ನಿಂತಿತ್ತು. ಅದೇ ಗಳಿಗೆಗೆ ಆಫೀಸಿನಿಂದ ಫೋನ್. "ನಮ್ಮತ್ತೆ ಆಪರೇಷನ್ ಥಿಯೇಟರಲ್ಲಿದಾರೆ, ಇವತ್ತು ನೀವೇ ನೋಡ್ಕೊಳಿ" ಎಂದು ಫೋನಿಟ್ಟೆ. ಲ್ಯಾಪ್‌ಟಾಪ್ ಮುಚ್ಚಿದೆ.

"ಕೆಲ್ಸಕ್ಕೆ ತೊಂದ್ರೆ ಆಗಲ್ವಾ?"

"ಆದ್ರೆ ಆಗ್ಲಿ ಬಿಡಿ ಮಾವ."

ಆಮೇಲೆ ನೋಡಲು ನಮಗೆ ಯಾವ ಅಂಕಿಯೂ ಇರಲಿಲ್ಲ. ಎಷ್ಟು ಹೊತ್ತು ಕೂತಿದ್ದೆವೋ! ಕೊನೆಗೆ ಡಾಕ್ಟರು ಮಾಸ್ಕ್ ಇಳಿಸುತ್ತ ಹೊರಬಂದರು. ರಕ್ತಸ್ರಾವ ಹೆಚ್ಚಾಗಿ ಕಷ್ಟವಾಯಿತು, ಈಗ ನಿಂತಿದೆ, ಅಪಾಯವಿಲ್ಲ ಎಂದರು. ಮಾವ ಕೈ ಮುಗಿಯಲು ಹೋಗಿ, ಮುಗಿಯಲಾಗದೆ, ಗೋಡೆಗೆ ಒರಗಿ ನಿಂತರು.

ಅಷ್ಟರಲ್ಲಿ ಬಂದು ಸೇರಿದ ನನ್ನ ಗಂಡ ಔಷಧಿ ತರಲು ಓಡಿದರು. ಸ್ವಲ್ಪ ಹೊತ್ತಿನ ಮೇಲೆ ನಮ್ಮಿಬ್ಬರನ್ನು ಒಳಗೆ ಬಿಟ್ಟರು. ಅತ್ತೆ ಬಿಳಿಚಿಕೊಂಡು, ಕಣ್ಣು ಮುಚ್ಚಿ ಮಲಗಿದ್ದರು. ಮಾವ ಮಂಚದ ಪಕ್ಕ ನಿಂತು, "ಏಯ್... ಇವ್ಳೇ..." ಎಂದರು. ಅತ್ತೆ ಅಲುಗಲಿಲ್ಲ.

"ಹೆಸ್ರು ಹಿಡ್ದು ಕರೀರಿ ತಾತ," ಎಂದಳು ನರ್ಸ್. "ಔಷಧಿ ಮಂಪರು ಇನ್ನೂ ಇಳಿದಿಲ್ಲ. ಹೆಸ್ರು ಕೇಳಿದ್ರೆ ಎಚ್ಚರ ಆಗ್ತಾರೆ."

ಮಾವ ನರ್ಸನ್ನು ನೋಡಿದರು, ನನ್ನನ್ನು ನೋಡಿದರು. ನಾನು ಸೊಸೆಯಾಗಿ ಬಂದಾಗಿನಿಂದ ಅವರ ಬಾಯಲ್ಲಿ ಅತ್ತೆಯ ಹೆಸರು ಒಮ್ಮೆಯೂ ಕೇಳಿದವಳಲ್ಲ. ಅವರು ಅತ್ತೆಯ ಕಿವಿಯ ಹತ್ತಿರ ಬಾಗಿದರು.

"ಗೌರಾ..." ಇನ್ನಷ್ಟು ಬಾಗಿದರು. "ಗೌರಾ, ನಾನು ಕಣೇ."

ಅತ್ತೆಯ ರೆಪ್ಪೆ ಅದುರಿತು. ಕಣ್ಣು ತೆರೆಯದೆಯೇ, ತೊದಲುತ್ತ ಹೇಳಿದರು.

"ಮೆತ್ತಗೆ ಕರೀರಿ... ಸೊಸೆ ಇರ್ತಾಳೆ."

ನಾನು ಸದ್ದಿಲ್ಲದೆ ಹೊರಗೆ ಬಂದು ನಿಂತೆ. ಬಾಗಿಲಾಚೆಯಿಂದ ಮತ್ತೊಮ್ಮೆ, ಇನ್ನಷ್ಟು ಮೆತ್ತಗೆ, ಆ ಹೆಸರು ಕೇಳಿಸಿತು.